ತ್ರಾಸಿ ಇಳಿಜಾರಿನ ಒದ್ದೆ ಬ್ರೇಕು

ಚಂದಯ್ಯ ಮೋಟಾರ್ ಸೈಕಲ್ ಕಲಿತದ್ದು ಊರಿನಲ್ಲಲ್ಲ, ಬರ್ಮಾ ಗಡಿಯ ಕೆಸರಿನಲ್ಲಿ.

ಅವನ ಮನೆ ಕುಂದಾಪುರದ ಉತ್ತರಕ್ಕಿರುವ ಹೆಮ್ಮಾಡಿಯಲ್ಲಿ. ಹೊಳೆಯಂಚಿನ ಗೇಣಿ ಗದ್ದೆ. ಉಪ್ಪುನೀರು ನುಗ್ಗಿದ ವರ್ಷ ಅನ್ನಕ್ಕೆ ತತ್ವಾರ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದ, ಆಮೇಲೆ ಒಂದು ಲಾರಿಗೆ ಕ್ಲೀನರ್ ಆದ. ಯುದ್ಧ ಶುರುವಾಗಿ ಪಟ್ಟಣದಲ್ಲೆಲ್ಲ ಭರ್ತಿಯ ಡಂಗುರ ಹೊಡೆದಾಗ ಹೊಟ್ಟೆಪಾಡಿಗೆಂದು ಸೈನ್ಯ ಸೇರಿದ. ಗಾಡಿಗಳ ಪರಿಚಯ ಇದ್ದವನೆಂದು ಅವನನ್ನು ಒಂದು ತುಕಡಿಯಿಂದ ಇನ್ನೊಂದು ತುಕಡಿಗೆ ಕಾಗದಪತ್ರ ಮುಟ್ಟಿಸುವ ಮೋಟಾರ್ ಸೈಕಲ್ ಸವಾರನನ್ನಾಗಿ ಮಾಡಿದರು.

ಅಸ್ಸಾಮಿನ ಆಚೆಯ ಗುಡ್ಡದ ದಾರಿಗಳಲ್ಲಿ ಮಳೆ ನಮ್ಮ ಕಡೆಯ ಹಾಗೆಯೇ ಹಿಡಿದರೆ ಬಿಡುವುದಿಲ್ಲ. ಅಲ್ಲಿ ಚಂದಯ್ಯನ ಜೊತೆಗಿದ್ದವನು ಸಾತಾರೆಯ ಒಬ್ಬ ಮರಾಠ. ಹಾಡು ಹೇಳುತ್ತಾ ಗಾಡಿ ಓಡಿಸುವವನು. ಒಂದು ದಿನ ಇಬ್ಬರೂ ಒಂದರ ಹಿಂದೊಂದು ತೊರೆ ದಾಟಿದರು. ನೀರು ಚಕ್ರದ ನಡುಗುಂಬದ ಮೇಲಕ್ಕೆ ಬಂದಿತ್ತು. ದಾಟಿದ ಕೂಡಲೇ ಇಳಿಜಾರು, ಇಳಿಜಾರಿನ ತುದಿಯಲ್ಲಿ ತಿರುವು. ಮರಾಠನ ಗಾಡಿ ಆ ತಿರುವಿನಲ್ಲಿ ತಿರುಗಲೇ ಇಲ್ಲ. ನೇರವಾಗಿ ಕಣಿವೆಗೆ ಹೋಯಿತು. ಹಿಂದಿನಿಂದ ನೋಡುತ್ತಿದ್ದ ಚಂದಯ್ಯನಿಗೆ ಅವನು ಬಲಗೈ ಮುಷ್ಟಿಯನ್ನು ಮತ್ತೆ ಮತ್ತೆ ಬಿಗಿಯುತ್ತಿದ್ದದ್ದು ಮಾತ್ರ ಕಂಡಿತು.

ಅದಾದ ಮೇಲೆ ತರಬೇತಿಯ ಹವಾಲ್ದಾರ ಉಳಿದ ಸವಾರರನ್ನು ಸಾಲಾಗಿ ನಿಲ್ಲಿಸಿದ. ಚಕ್ರ ಬಿಚ್ಚಿ, ಒಳಗಿನ ಕಬ್ಬಿಣದ ಬಟ್ಟಲನ್ನೂ ಅದನ್ನು ಒತ್ತಿ ಹಿಡಿಯುವ ಎರಡು ಪಟ್ಟಿಗಳನ್ನೂ ತೋರಿಸಿದ. ಇವುಗಳ ನಡುವೆ ನೀರು ಹೊಕ್ಕರೆ ಎಷ್ಟು ಒತ್ತಿದರೂ ಜಾರುತ್ತದೆ. ನೀರು ದಾಟಿದವನು ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಬೇಕು, ಎರಡೂ ಬ್ರೇಕುಗಳನ್ನು ಹಗುರಾಗಿ ಒತ್ತಿಕೊಂಡೇ ಹೋಗಬೇಕು. ತಿಕ್ಕಿ ತಿಕ್ಕಿ ಬಿಸಿಯೇರಿ ನೀರು ಆರಿ, ಹಿಡಿತ ಬಂತೆಂದು ಕೈಗೆ ತಿಳಿದ ಮೇಲೆಯೇ ವೇಗ. ಮಳೆಯ ದಾರಿಯಲ್ಲಿ ಬ್ರೇಕನ್ನು ಎಂದೂ ಜಗ್ಗಬಾರದು, ಹಸುವಿನ ಕೆಚ್ಚಲು ಹಿಂಡುವ ಹಾಗೆ ಮೆತ್ತಗೆ ಹಿಂಡಬೇಕು. ತಿರುವಿನ ಒಳಗಲ್ಲ, ತಿರುವಿಗೆ ಮೊದಲೇ, ಗಾಡಿ ನೆಟ್ಟಗಿರುವಾಗ. ಹವಾಲ್ದಾರ ಇಷ್ಟು ಹೇಳಿ, ಕಣಿವೆಯಿಂದ ಸಿಕ್ಕಿದ್ದ ಮರಾಠನ ಟೊಪ್ಪಿಯನ್ನು ಎತ್ತಿಕೊಂಡು ಹೋದ.

ಯುದ್ಧ ಮುಗಿದು ಚಂದಯ್ಯ ಊರಿಗೆ ಬಂದಾಗ ಬಲಕಿವಿ ಮಂದವಾಗಿತ್ತು, ತಂದೆ ತಾಯಿ ಇರಲಿಲ್ಲ. ಗದ್ದೆ ಬೇರೆಯವರ ಗೇಣಿಗೆ ಹೋಗಿತ್ತು. ನಾವುಂದದ ಸರಸಳನ್ನು ಮದುವೆಯಾಗಿ ಹೆಮ್ಮಾಡಿಯಲ್ಲೇ ಹುಲ್ಲಿನ ಮಾಡಿನ ಒಂದು ಮನೆ ಮಾಡಿಕೊಂಡ. ಕೆಲಸ ಮಾತ್ರ ಇರಲಿಲ್ಲ. ಆಗ ಕುಂದಾಪುರದಲ್ಲಿ ಗುಣಪಾಲ ಎಂಬ ಡಾಕ್ಟರು ಸ್ವಂತ ದವಾಖಾನೆ ಇಟ್ಟಿದ್ದರು. ಕಾರ್ಕಳ ಕಡೆಯ ಜೈನರು, ನಲವತ್ತರ ಹತ್ತಿರದ ಪ್ರಾಯ. ಮಿಲಿಟರಿಯವರು ವಿಲೇವಾರಿ ಮಾಡಿದ ಹಸಿರು ಬಣ್ಣದ ಒಂದು ಮೋಟಾರ್ ಸೈಕಲನ್ನು ಮಂಗಳೂರಿನಿಂದ ತರಿಸಿದ್ದರು. ಓಡಿಸಲು ಹೋಗಿ ಎರಡು ಸಲ ಬಿದ್ದು ಕೈಬಿಟ್ಟಿದ್ದರು. ಚಂದಯ್ಯನ ಸುದ್ದಿ ತಿಳಿದದ್ದೇ ಕರೆಸಿ ಕೆಲಸಕ್ಕೆ ಇಟ್ಟುಕೊಂಡರು.

ಹೊಳೆಗಳಿಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜೋಡಿದೋಣಿಯಲ್ಲಿ ಗಾಡಿಯನ್ನೂ ಏರಿಸಿ ದಾಟಬೇಕು. ದಾಟಿದ ಮೇಲೆ ಹೆಮ್ಮಾಡಿ, ತ್ರಾಸಿ, ಮರವಂತೆ, ನಾವುಂದ, ಬೈಂದೂರು, ಕೊನೆಗೆ ಶಿರೂರು. ಅಷ್ಟು ಉದ್ದದ ದಾರಿಯಲ್ಲಿ ಹೆರಿಗೆ ಕಟ್ಟಿಕೊಂಡ ಹೆಂಗಸಿಗೆ, ಹಾವು ಕಚ್ಚಿದವನಿಗೆ, ವಾಂತಿಭೇದಿ ಹಿಡಿದ ಮನೆಗೆ ಗುಣಪಾಲ ಡಾಕ್ಟರು ಚಂದಯ್ಯನ ಬೆನ್ನ ಹಿಂದೆ ಕೂತು, ಚರ್ಮದ ಪೆಟ್ಟಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಗಾಡಿಯ ಸದ್ದು ದೂರದಿಂದ ಕೇಳಿದರೆ ಸಾಕು, ರೋಗಿಯ ಮನೆಯವರು ಬೇಲಿಯ ದಣಪೆ ತೆಗೆದು ನಿಲ್ಲುವರು.

ಮಳೆಗಾಲದಲ್ಲಿ ಹೆಮ್ಮಾಡಿಯಿಂದ ಮುಂದೆ ಬಯಲಿನ ನೆರೆನೀರು ದಾರಿಯ ಮೇಲೆಯೇ ಹರಿಯುತ್ತಿತ್ತು. ಚಂದಯ್ಯ ಅದನ್ನು ದಾಟಿದ ಮೇಲೆ ಪ್ರತಿಸಲವೂ ಗಾಡಿಯನ್ನು ನಿಧಾನಿಸಿ, ಬಲಗೈಯ ಹಿಡಿಯನ್ನೂ ಎಡಗಾಲಿನ ಪೆಡಲನ್ನೂ ಮೆಲ್ಲಗೆ ಒತ್ತಿಕೊಂಡು ತೆವಳುತ್ತಿದ್ದ. ಡಾಕ್ಟರಿಗೆ ತಾಳ್ಮೆ ಕಡಿಮೆ.

"ಇನ್ನೆಷ್ಟು ಹೊತ್ತು ಚಂದಯ್ಯ, ಈ ಆಮೆ ನಡಿಗೆ?"

"ಇನ್ ಚೂರ್ ಡಾಕ್ಟ್ರೆ. ಬ್ರೇಕಿಗ್ ಬಿಸಿ ಬರ್ಕ್."

"ಅಲ್ಲಿ ರೋಗಿಗೆ ಬಿಸಿ ಆರಿ ಹೋಗುತ್ತದೆ."

ಹೀಗೆ ಹೇಳಿ ನಗುವರು. ಚಂದಯ್ಯ ನಗುತ್ತಿರಲಿಲ್ಲ, ವೇಗ ಹೆಚ್ಚಿಸುತ್ತಲೂ ಇರಲಿಲ್ಲ. ಒಂದು ವರ್ಷ, ಒಂದು ಮಳೆಗಾಲ ಹೀಗೆ ಕಳೆಯಿತು. ಒಮ್ಮೆಯೂ ಗಾಡಿ ಅಡ್ಡ ಬೀಳಲಿಲ್ಲ.

ಆ ದಿನ ಬಂದದ್ದು ಎರಡನೆಯ ಮಳೆಗಾಲದಲ್ಲಿ, ನಲವತ್ತೇಳರ ಜೂನಿನ ಕೊನೆಗೆ. ಭತ್ತದ ನಟ್ಟಿಯ ಕೆಲಸ ಎಲ್ಲ ಕಡೆ ಬಿರುಸಾಗಿತ್ತು. ಬೆಳಗಿನ ಹೊತ್ತಿಗೆ ದವಾಖಾನೆಯ ಜಗಲಿಗೆ ಗಣಪಯ್ಯ ಎಂಬವರು ಬಂದು ಕುಸಿದು ಕೂತರು. ಕೋಟದ ಕಡೆಯಿಂದ ಬಂದು ನಾವುಂದದಲ್ಲಿ ದೇವಸ್ಥಾನದ ಪೂಜೆ ಮಾಡಿಕೊಂಡಿದ್ದವರು. ಪಂಚೆ ಸೊಂಟದ ತನಕ ಒದ್ದೆ. ಅವರ ಮಗಳು ಪದ್ಮಾಕ್ಷಿ ಚೊಚ್ಚಲ ಹೆರಿಗೆಗೆ ಬಂದವಳು. ಹಿಂದಿನ ದಿನದಿಂದ ನೋವು ತಿನ್ನುತ್ತಿದ್ದಳು. ಸೂಲಗಿತ್ತಿ ಕೈಚೆಲ್ಲಿದ್ದಳು.

"ಡಾಕ್ಟ್ರೆ, ನಂಗ್ ಅವ್ಳೊಬ್ಳೇ ಮಗ್ಳ್," ಎಂದರು ಗಣಪಯ್ಯ. "ನೀವ್ ಮುಂದ್ ಹೋಯ್ನಿ, ನಾ ಹಿಂದಿಂದ್ ನಡ್ಕಂಡ್ ಬತ್ತೆ."

ಜೋಡಿದೋಣಿಯಲ್ಲಿ ಹೊಳೆ ದಾಟಿ ಡಾಕ್ಟರು, ಚಂದಯ್ಯ ಇಬ್ಬರೂ ಹೊರಟರು. ಗಾಳಿ ಸಮುದ್ರದ ಕಡೆಯಿಂದ ಬೀಸಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತಿತ್ತು. ಬಯಲಿನಲ್ಲಿ ನೀರು ಹಿಂದಿನ ದಿನಕ್ಕಿಂತ ಏರಿತ್ತು. ಚಂದಯ್ಯ ಡಾಕ್ಟರನ್ನು ಇಳಿಸಲಿಲ್ಲ. ಎಂಜಿನ್ ನಿಲ್ಲದ ಹಾಗೆ ಒಂದೇ ಹದದಲ್ಲಿ ಗಾಡಿಯನ್ನು ನೀರಿನಲ್ಲಿ ನಡೆಸಿದ. ಚಕ್ರಗಳ ನಡುಗುಂಬ ಪೂರಾ ಮುಳುಗಿತು. ಆಚೆ ಏರಿದ ಮೇಲೆ ವಾಡಿಕೆಯಂತೆ ನಿಧಾನಿಸಿ ಬ್ರೇಕು ಒತ್ತಲು ಶುರುಮಾಡಿದ.

"ಚಂದಯ್ಯ, ಇವತ್ತು ಬೇಡ," ಎಂದರು ಡಾಕ್ಟರು. "ಗಾಡಿ ಬಿಡು."

"ಸ್ವಲ್ಪ ದೂರ ಡಾಕ್ಟ್ರೆ."

"ಎರಡು ಜೀವ ಅಲ್ಲಿ ಒದ್ದಾಡುತ್ತಿದೆ. ನೀನು ಇಲ್ಲಿ ಬ್ರೇಕಿಗೆ ಬಿಸಿ ಕಾಯಿಸುತ್ತಾ ಕೂರುತ್ತೀಯಾ? ಬಿಡು!"

ಅವರ ಸ್ವರ ಎಂದಿನ ತಮಾಷೆಯದ್ದಾಗಿರಲಿಲ್ಲ. ಸರಸಳಿಗೂ ಆಗ ಐದನೇ ತಿಂಗಳು. ಬೆಳಿಗ್ಗೆ ಗಣಪಯ್ಯ ಕುಸಿದು ಕೂತ ರೀತಿ ಚಂದಯ್ಯನ ಕಣ್ಣಿನಲ್ಲೇ ಇತ್ತು. ತ್ರಾಸಿ ಇಳಿಜಾರಿನ ತನಕ ಎತ್ತರದ ದಾರಿ ಉದ್ದಕ್ಕಿದೆ, ಹೋಗುತ್ತಾ ಹೋಗುತ್ತಾ ತಾನಾಗಿ ಆರೀತು ಎಂದುಕೊಂಡ. ಬ್ರೇಕಿನಿಂದ ಕೈಕಾಲು ತೆಗೆದು ವೇಗ ಕೊಟ್ಟ. ಒತ್ತದೆ ಇದ್ದರೆ ಅದು ತಾನಾಗಿ ಆರುವುದಿಲ್ಲ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ತ್ರಾಸಿಯಲ್ಲಿ ದಾರಿ ಮುರಕಲ್ಲಿನ ದಿಬ್ಬದಿಂದ ಸಮುದ್ರದ ಕಡೆಗೆ ಇಳಿಯುತ್ತದೆ. ಕೆಂಪು ಮಣ್ಣು ನೆನೆದು ಎಣ್ಣೆ ಸವರಿದ ಹಾಗಿತ್ತು. ಇಳಿಜಾರಿನ ಅರ್ಧದಲ್ಲಿ, ಎಡಬದಿಯ ಅಂಚಿನಲ್ಲಿ, ಒಬ್ಬ ಹೆಂಗಸು ಗೊರಬು ಹೊದ್ದು ನಿಂತಿದ್ದಳು. ಓಲೆಯ ಗೊರಬು ತಲೆಯಿಂದ ಬೆನ್ನಿನ ಕೆಳತನಕ ಮುಚ್ಚಿತ್ತು. ಕಂಕುಳಲ್ಲಿ ಅಗೆಯ ಸೂಡಿ. ಪಕ್ಕದ ಗದ್ದೆಗೆ ನಡಲು ಒಯ್ಯುತ್ತಿದ್ದ ಎಳೆಯ ಭತ್ತದ ಸಸಿಗಳು. ಸದ್ದು ಕೇಳಿ ಗಾಡಿಗೆ ದಾರಿ ಬಿಟ್ಟು ಅಂಚಿಗೆ ಸರಿದು ನಿಂತಿದ್ದಳು.

ಚಂದಯ್ಯ ಹಿಡಿಯನ್ನು ಹಿಂಡಿದ. ಅದು ಹ್ಯಾಂಡಲ್ಲಿನ ತನಕ ಬಂತು. ಚಕ್ರಕ್ಕೆ ಸುದ್ದಿಯೇ ಇಲ್ಲ. ಪೆಡಲು ಒತ್ತಿದ, ಅದೂ ಹಾಗೆಯೇ. ಗೇರು ಇಳಿಸಿದ. ಎಂಜಿನ್ ಒಮ್ಮೆ ಕೂಗಿ ಗಾಡಿಯನ್ನು ತುಸು ಹಿಡಿಯಿತು. ಅಷ್ಟರಲ್ಲಿ ಬಿಗಿಯಾಗಿ ತುಳಿದೇ ಇದ್ದ ಹಿಂದಿನ ಬ್ರೇಕು ಇದ್ದಕ್ಕಿದ್ದಂತೆ ಹಿಡಿದುಬಿಟ್ಟಿತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿ ಕೆಸರಿನ ಮೇಲೆ ಅಡ್ಡಕ್ಕೆ ಜಾರಿತು. ಗಾಡಿ ಮಗ್ಗುಲಾಗಿ ಉರುಳುತ್ತಾ ಎಡ ಅಂಚಿಗೇ ಹೋಯಿತು.

ಡಾಕ್ಟರು ಕೆಸರಿನಲ್ಲಿ ಬಿದ್ದರು, ಏನೂ ಆಗಲಿಲ್ಲ. ಚಂದಯ್ಯನ ಮೊಣಕಾಲು ಸುಲಿಯಿತು. ಹೆಂಗಸು ಗದ್ದೆಯ ಬದುವಿನ ಕೆಳಗೆ ಬಿದ್ದಿದ್ದಳು. ಗೊರಬು ಮುರಿದು ಬೇರೆ ಬಿದ್ದಿತ್ತು.

ಡಾಕ್ಟರು ಓಡಿಹೋಗಿ ಮಂಡಿಯೂರಿ ಕೂತು ನಾಡಿ ಹಿಡಿದರು. ಹೊಟ್ಟೆ ಮುಟ್ಟಿ ನೋಡಿದರು. ಹೊರಗೆ ರಕ್ತ ಹೆಚ್ಚಿರಲಿಲ್ಲ. ಒಳಗೆ ಹರಿಯುತ್ತಿತ್ತು. ಪೆಟ್ಟಿಗೆ ತೆರೆದು ಒಂದು ಸೂಜಿ ಕೊಟ್ಟು, ಚಂದಯ್ಯನ ಮುಖ ನೋಡಿ ತಲೆ ಅಲ್ಲಾಡಿಸಿದರು. ಗದ್ದೆಯಲ್ಲಿದ್ದ ನಟ್ಟಿಯ ಆಳುಗಳು ಓಡಿಬಂದರು. "ಇದ್ ನಮ್ ಸೂರನ ಹೆಣ್ತಿ, ಬಾಗಿ," ಎಂದು ಒಬ್ಬಳು ಚೀರಿದಳು.

"ನಾನು ನಾವುಂದಕ್ಕೆ ಹೋಗಬೇಕು," ಎಂದರು ಡಾಕ್ಟರು. ಪೆಟ್ಟಿಗೆ ಮುಚ್ಚಿ ಎದ್ದರು. "ಇಲ್ಲಿ ನಾನಿದ್ದು ಮಾಡುವುದೇನೂ ಉಳಿದಿಲ್ಲ. ನೀನು ಇವಳ ಹತ್ತಿರ ಇರು."

ಯಾರೋ ಒಂದು ಎತ್ತಿನ ಗಾಡಿ ಹೂಡಿಸಿದರು. ಡಾಕ್ಟರು ಹೋದರು. ಚಂದಯ್ಯ ಬಾಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುರಿದ ಗೊರಬಿನ ತುಂಡನ್ನು ಅವಳ ಮುಖಕ್ಕೆ ಮಳೆ ಬೀಳದಂತೆ ಹಿಡಿದುಕೊಂಡು ಕೂತ. ಅವಳು ಒಮ್ಮೆ ನೀರು ಕೇಳಿದಳು. ಕೊಟ್ಟ ನೀರು ಇಳಿಯಲಿಲ್ಲ. ಬೇರೆ ಗದ್ದೆಯಲ್ಲಿ ಉಳುತ್ತಿದ್ದ ಸೂರ ಬಂದು ತಲುಪುವಾಗ ಅವಳು ಹೋಗಿಯಾಗಿತ್ತು. ಸೂರ ಚಂದಯ್ಯನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಅವನ ತೊಡೆಯ ಮೇಲಿಂದ ಹೆಂಡತಿಯ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡ, ಅಷ್ಟೇ.

ನಾವುಂದದಲ್ಲಿ ಪದ್ಮಾಕ್ಷಿ ಉಳಿದಳು. ಗಂಡುಮಗುವೂ ಉಳಿಯಿತು.

ಠಾಣೆಯಿಂದ ಬಂದವರು ಇಳಿಜಾರನ್ನು ನೋಡಿ, ನಾಲ್ಕು ಜನರನ್ನು ಕೇಳಿ, ಡಾಕ್ಟರ ಹೇಳಿಕೆ ಪಡೆದರು. ಹೆಂಗಸು ಗೊರಬಿನೊಳಗೆ ಸದ್ದು ಕೇಳದೆ ದಾರಿಗೆ ಅಡ್ಡ ಬಂದಳು ಎಂದು ಡಾಕ್ಟರು ಹೇಳಿದ್ದರು. ಚಂದಯ್ಯನನ್ನು ಯಾರೂ ಹೆಚ್ಚು ಕೇಳಲಿಲ್ಲ. ಕೇಳಿದಷ್ಟಕ್ಕೆ ಅವನು ತಲೆ ತಗ್ಗಿಸಿ ನಿಂತ. ಅದನ್ನೇ ಹೌದು ಎಂದು ಬರೆದುಕೊಂಡರು. ಊರಿಗೂ ಆ ಮಾತು ಸಾಕಾಗಿತ್ತು. ಗದ್ದೆಯ ಒಡೆಯರು, "ಅವ್ಳ್ ಯಾವತ್ತೂ ನೆಲ ಕಂಡ್ಕಂಡೇ ನಡುದ್, ಹಣೆಬರ," ಎಂದರಂತೆ. ಹೊಳೆಯ ದಡದಲ್ಲಿ, ಅಂಗಡಿಯ ಜಗಲಿಯಲ್ಲಿ ಎಲ್ಲರೂ ಬಾಗಿಯ ಕಿವಿಯ ಬಗ್ಗೆ, ಅವಳ ಗೊರಬಿನ ಬಗ್ಗೆ ಮಾತಾಡಿದರು. ಬ್ರೇಕಿನ ವಿಷಯ ಯಾರ ಬಾಯಲ್ಲೂ ಬರಲಿಲ್ಲ.

ಚಂದಯ್ಯ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಸರಸ ಗಂಜಿ ಬಡಿಸಿ ಎದುರಿಗೆ ಕೂತು ಕಾದಳು.

"ಹ್ವಾಯ್, ಕೇಂಡ್ರ್ಯಾ? ಒಂದ್ ತುತ್ತಾದ್ರೂ ಉಣ್ಣಿ. ನೀವ್ ಬೇಕಂತ್ ಮಾಡದ್ದಲ್ಲ ಅಲ್ದಾ?"

"ಬೇಕಂತ್ ಮಾಡದ್ದಲ್ಲ," ಎಂದ ಚಂದಯ್ಯ. "ಗೊತ್ತಿದ್ದ್ ಮಾಡದ್ದ್."

ಸರಸಳಿಗೆ ಅದು ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ನೀರು, ಬಿಸಿ, ಡಾಕ್ಟರ ಮಾತು, ತಾನು ಕೈ ತೆಗೆದದ್ದು. ಅವಳು ಕೇಳಿ ಮುಗಿಸಿ ಒಲೆಯ ಕೊಳ್ಳಿಯನ್ನು ಒಳಗೆ ದೂಡಿದಳು. "ಇದ್ನ್ ಮತ್ಯಾರಿಗೂ ಹೇಳ್ಬೇಡಿ," ಎಂದಳು ಕೊನೆಗೆ. "ನಂಗೊಂದ್ ಮಗು ಬಪ್ಪುದಿತ್ತ್."

ಬಾಗಿಯ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಒಂದು ಬೆಳಿಗ್ಗೆ ಸೂರ ಹೆಮ್ಮಾಡಿಗೆ ನಡೆದು ಬಂದ. ಅಂಗಳಕ್ಕೆ ಕಾಲಿಡದೆ ದಣಪೆಯ ಹೊರಗೇ ನಿಂತ. ಕಪ್ಪಗೆ ಒಣಗಿದ ಮನುಷ್ಯ, ಚಂದಯ್ಯನಷ್ಟೇ ಪ್ರಾಯ. ಅವನ ಜೊತೆ ಪುಟ್ಟ ಮಗಳಿದ್ದಳು.

"ಒಡ್ಯಾ, ಒಂದ್ ಮಾತ್ ಕೇಂಬುಕ್ ಬಂದೆ," ಎಂದ.

"ಒಳಗ್ ಬಾ ಸೂರ."

"ಇಲ್ಲೇ ಅಡ್ಡಿಲ್ಲೆ." ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಕೇಳಿದ. "ಬಾಗಿ ಅಡ್ಡ ಬಂದದ್ ಹೌದಾ?"

ಚಂದಯ್ಯ ಅಂಗಳ ದಾಟಿ ದಣಪೆಯ ಹತ್ತಿರಕ್ಕೆ ಬಂದ.

"ಆವತ್ ಬೆಳಿಗ್ಗೆ ನಾನ್ ಅವ್ಳಿಗ್ ಬೈದಿದ್ದೆ," ಎಂದ ಸೂರ. "ಅಗೆ ತರೂಕ್ ಎಷ್ಟೊತ್ತ್, ಓಡ್ಕಂಡ್ ಬಾ ಅಂದ್ಕಂಡ್. ಹಂಗಾಯಿ ಓಡ್ಕಂಡ್ ಬಂದ್ಳಾ ಏನ. ಎಲ್ಲ ಹೇಳ್ತ್ರ್, ಅವ್ಳೇ ಅಡ್ಡ ಬಂದ್ಳ್ ಅಂದೇಳಿ. ನಂಗ್ ಉಂಬುಕ್ ಆತಿಲ್ಲೆ, ಮನಿಕಂಬುಕ್ ಆತಿಲ್ಲೆ ಒಡ್ಯಾ. ನೀವ್ ಕಂಡವ್ರ್. ನೀವ್ ಹೇಳಿ."

ಬಾಗಿಲಲ್ಲಿ ಸರಸ ನಿಂತಿದ್ದಳು. ಚಂದಯ್ಯ ಅವಳ ಕಡೆ ನೋಡಲಿಲ್ಲ.

"ಇಲ್ಲೆ ಸೂರ. ಅವ್ಳ್ ಓಡ್ಲಿಲ್ಲೆ. ಅಡ್ಡ ಬರ್ಲಿಲ್ಲೆ. ನಂಗ್ ದಾರಿ ಬಿಟ್ಕಂಡ್ ಬದಿಗ್ ನಿಂತಿದ್ಳ್. ನಿಂತಲ್ಲಿಗೇ ನಾನ್ ಹೋಯಿ ಹೊಡ್ದದ್ದ್."

ಸೂರ ಅವನನ್ನೇ ನೋಡಿದ. "ಮತ್ ಆ ಗಾಡಿ ಯಾಕ್ ನಿಲ್ಲಿಲ್ಲೆ?"

ಗಾಡಿ ಚಂದಯ್ಯನ ಮನೆಯ ಪಕ್ಕದ ಚಪ್ಪರದಲ್ಲಿತ್ತು. ಠಾಣೆಯವರು ಬಿಟ್ಟ ಮೇಲೆ, ಸೊಟ್ಟಗಾದ ಕಾಲಿಡುವ ಕಂಬಿಯನ್ನು ಸರಿಮಾಡಲು ಡಾಕ್ಟರು ಅಲ್ಲಿಗೇ ಕಳುಹಿಸಿದ್ದರು. ಚಂದಯ್ಯ ಅದನ್ನು ಹೊರಗೆ ತಂದ. ಮನೆಯ ಎದುರಿನ ದಾರಿ ಹೊಳೆಯ ಕಡೆಗೆ ಇಳಿಯುತ್ತದೆ. ಅಲ್ಲಿ ನಿಲ್ಲಿಸಿ ಸೂರನ ಕೈಯನ್ನು ಹಿಡಿದು ಬ್ರೇಕಿನ ಹಿಡಿಯ ಮೇಲೆ ಇಟ್ಟ.

"ಒತ್ತ್."

ಸೂರ ಒತ್ತಿದ. ಚಂದಯ್ಯ ಹಿಂದಿನಿಂದ ದೂಡಿದ. ಗಾಡಿ ಇಳಿಜಾರಿನಲ್ಲಿ ಕಲ್ಲಿನಂತೆ ನಿಂತಿತ್ತು.

"ಈಗ ಬಾ," ಎಂದು ಗಾಡಿಯನ್ನು ಕೆಳಗಿನ ತೋಡಿಗೆ ಇಳಿಸಿ, ನಡುಗುಂಬ ಮುಳುಗುವ ತನಕ ನೀರಿನಲ್ಲಿ ಹಿಂದೆ ಮುಂದೆ ಆಡಿಸಿದ. ಇಬ್ಬರೂ ಸೇರಿ ಮತ್ತೆ ಮೇಲೆ ತಂದರು. "ಮತ್ತ್ ಒತ್ತ್. ಗಟ್ಟಿ ಒತ್ತ್."

ಸೂರ ಎರಡೂ ಕೈ ಸೇರಿಸಿ ಒತ್ತಿದ. ಚಂದಯ್ಯ ಕೈ ಬಿಟ್ಟ. ಗಾಡಿ ಮೆಲ್ಲಗೆ ಇಳಿಯತೊಡಗಿತು. ಹಿಡಿಯನ್ನು ಹಿಂಡಿಕೊಂಡೇ ಸೂರ ಅದರ ಜೊತೆ ಹೆಜ್ಜೆ ಹಾಕುತ್ತಾ ಹೋದ. "ಹಿಡಿತಿಲ್ಲೆ! ಹಿಡಿತಿಲ್ಲೆ!" ಎಂದ. ಚಂದಯ್ಯ ಓಡಿ ಗಾಡಿಯನ್ನು ತಡೆದು ನಿಲ್ಲಿಸಿದ. ಸೂರನ ಬೆರಳುಗಳು ಹಿಡಿಗೆ ಅಂಟಿಕೊಂಡಂತೆ ಬಿಗಿದಿದ್ದವು. ಚಂದಯ್ಯನೇ ಅವನ್ನು ಬಿಡಿಸಬೇಕಾಯಿತು.

"ನೀರ್ ಹೊಕ್ಕಿರೆ ಹೀಂಗಾತ್," ಎಂದ ಚಂದಯ್ಯ. "ಒತ್ಕಂಡ್ ಒತ್ಕಂಡ್ ಮೆಲ್ಲ ಹೋದ್ರೆ ಬಿಸಿ ಬಂದ್ ಆರತ್ತ್. ನಂಗ್ ಗೊತ್ತಿತ್ತ್. ಯಾವತ್ತೂ ಹಂಗೇ ಮಾಡ್ತಿದ್ದೆ. ಆವತ್ ಮಾಡ್ಲಿಲ್ಲೆ."

"ಯಾಕ್?"

"ಗಡಿಬಿಡಿ ಅಂದೇಳಿ."

ಮಳೆ ಹನಿಯಲು ಶುರುವಾಯಿತು. ಸೂರ ಗಾಡಿಯ ಚಕ್ರವನ್ನು ಕಾಲಿನಿಂದ ಒದೆಯಬಹುದೆಂದು ಚಂದಯ್ಯ ಕಾದ. ಅಥವಾ ತನ್ನನ್ನೇ. ಸೂರ ದಾರಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೊದಲ ಸಲ, ಬಾಯಿಬಿಟ್ಟು ಅತ್ತ. ಮಗಳು ಹೆದರಿ ಅವನ ಕುತ್ತಿಗೆ ಹಿಡಿದುಕೊಂಡಳು. ಅಳು ನಿಂತ ಮೇಲೆ ಅವನು ಎದ್ದು ಹೇಳಿದ: "ಹಂಗಾರೆ ಅವ್ಳ್ ತಪ್ಪಿಲ್ಲೆ. ಇದ್ನ್ ನೀವ್ ಎಲ್ರಿಗೂ ಹೇಳ್ಕ್ ಒಡ್ಯಾ. ನಾ ಹೇಳಿರೆ ಯಾರ್ ನಂಬ್ತ್ರ್?"

ಚಂದಯ್ಯ ಮೊದಲು ಡಾಕ್ಟರ ಹತ್ತಿರ ಹೋದ. ಗುಣಪಾಲ ಡಾಕ್ಟರು ಅವನ ಮಾತು ಕೇಳುತ್ತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನನ್ನು ಉಳಿಸಲು ಹಾಗೆ ಹೇಳಿದೆ," ಎಂದರು. ಆಮೇಲೆ ಅವರೇ, "ನನ್ನನ್ನೂ," ಎಂದು ಸೇರಿಸಿದರು. "ಒಂದು ಮಾತು ಹೇಳುತ್ತೇನೆ. ಎತ್ತಿನ ಗಾಡಿಯಲ್ಲಿ ತೆವಳಿಕೊಂಡು ಹೋಗಿಯೂ ನಾನು ನಾವುಂದಕ್ಕೆ ತಡವಾಗಿ ಮುಟ್ಟಲಿಲ್ಲ. ಅದನ್ನು ನೆನೆದರೆ ನನಗೂ ಎದೆ ಒಡೆಯುತ್ತದೆ. ಆದರೆ ನೀನು ಜೈಲಿಗೆ ಹೋದರೆ ಈ ಮಳೆಗಾಲ ಶಿರೂರಿನ ತನಕ ನನ್ನನ್ನು ಯಾರು ಕರೆದೊಯ್ಯುತ್ತಾರೆ? ಅಲ್ಲಿ ಸಾಯುವವರು ನಿನ್ನ ಲೆಕ್ಕಕ್ಕಿಲ್ಲವೇ?"

"ಅವ್ಳ್ ಬದಿಗ್ ನಿಂತಿದ್ಳ್ ಡಾಕ್ಟ್ರೆ," ಎಂದಷ್ಟೇ ಹೇಳಿ ಚಂದಯ್ಯ ಠಾಣೆಗೆ ನಡೆದ.

ಅಲ್ಲಿನವರು ಮೊದಲು ಅವನನ್ನು ಹಿಂದಕ್ಕೆ ಕಳುಹಿಸಲು ನೋಡಿದರು. ಮತ್ತೆ ಹೋದ. ಕೊನೆಗೆ ಬರೆದುಕೊಂಡರು. ಡಾಕ್ಟರೂ ಹೋಗಿ ತಮ್ಮ ಹೇಳಿಕೆಯನ್ನು ತಿದ್ದಿದರು. ಗಾಡಿ ಬಿಡು ಎಂದು ಅವಸರ ಮಾಡಿದ್ದು ತಾನೆಂದೂ ಸೇರಿಸಿದರು. ಅದನ್ನು ಯಾರೂ ಅಪರಾಧವೆಂದು ಹಿಡಿಯಲಿಲ್ಲ. ಕೋರ್ಟು ಕಚೇರಿಯಲ್ಲಿ ಚಂದಯ್ಯ ತಪ್ಪೊಪ್ಪಿಕೊಂಡದ್ದರಿಂದ ವಿಚಾರಣೆ ಬೇಗ ಮುಗಿಯಿತು. ಎಚ್ಚರಗೇಡಿತನದಿಂದ ಸಾವು ಎಂದು ನಾಲ್ಕು ತಿಂಗಳ ಸಜೆ ಆಯಿತು. ತೀರ್ಪು ಓದುವಾಗ ಹೆಂಗಸು ದಾರಿಯ ಬದಿಯಲ್ಲಿ ನಿಂತಿದ್ದಳು ಎಂಬ ಮಾತು ಗಟ್ಟಿಯಾಗಿ ಕೇಳಿಸಿತು. ಸೂರ ಹೊರಗೆ ಕಿಟಕಿಯ ಹತ್ತಿರ ನಿಂತು ಅದನ್ನು ಕೇಳಿದ.

ಸರಸ ಗಂಡನ ಜೊತೆ ಮಾತಾಡಲಿಲ್ಲ. ಬಸುರಿ ಹೆಂಗಸು, ಗಂಡ ತಾನಾಗಿ ಕೈಕೋಳಕ್ಕೆ ಕೈ ಒಡ್ಡಿದವನು. ತವರಿಗೆ ಹೋದಳು. ಮಂಗಳೂರಿನ ಜೈಲಿನಲ್ಲಿ ಆಗಸ್ಟ್ ಹದಿನೈದರಂದು ಬಾವುಟ ಹಾರಿಸಿ ಕೈದಿಗಳಿಗೆ ಸಿಹಿ ಹಂಚಿದರು. ಚಂದಯ್ಯ ತನ್ನ ಪಾಲನ್ನು ಪಕ್ಕದವನಿಗೆ ಕೊಟ್ಟ. ಅದರ ಹಿಂದಿನ ವಾರವಷ್ಟೇ ಹೊಸದಾಗಿ ಬಂದ ಒಬ್ಬ ಕೈದಿಯ ಬಾಯಿಂದ ಸುದ್ದಿ ತಿಳಿದಿತ್ತು. ಶಿರೂರಿನಲ್ಲಿ ಹೆರಿಗೆಯಾಗದೆ ಒಬ್ಬಳು ತೀರಿಕೊಂಡಿದ್ದಳು. ಡಾಕ್ಟರು ಹೊರಟದ್ದು ಹೌದು, ನಡೆದು ಹೋದದ್ದರಿಂದ ಮುಟ್ಟಲಾಗಲಿಲ್ಲವಂತೆ. ಅವನು ಸತ್ತವಳ ಹೆಸರು ಕೇಳಿದ. ಹೇಳಿದವನಿಗೆ ಗೊತ್ತಿರಲಿಲ್ಲ.

ಬಿಡುಗಡೆಯಾಗಿ ಬಂದಾಗ ಸರಸಳಿಗೆ ಹೆಣ್ಣುಮಗು ಹುಟ್ಟಿತ್ತು. ನಾವುಂದಕ್ಕೆ ಹೋಗಿ ತವರುಮನೆಯ ಜಗಲಿಯಲ್ಲಿ ಒಂದು ದಿನವಿಡೀ ಕೂತ. ಸಂಜೆಯ ಮೊದಲು ಅವಳು ಮಗುವನ್ನು ತಂದು ಅವನ ಮಡಿಲಲ್ಲಿ ಇಟ್ಟಳು, ಮಾತಾಡದೆಯೇ. ಅವಳು ಹೆಮ್ಮಾಡಿಗೆ ಮರಳಿದ್ದು ಮುಂದಿನ ಬೇಸಗೆಯಲ್ಲಿ. ಗಣಪಯ್ಯ ಅದೇ ಊರಿನವರು. ದಾರಿಯಲ್ಲಿ ಸಿಕ್ಕಿದಾಗ ಕೈಮುಗಿದು ಹಾಗೆಯೇ ಮುಂದೆ ಹೋದರು.

ಡಾಕ್ಟರು ಮತ್ತೆ ಕೆಲಸಕ್ಕೆ ಕರೆದರು. ಚಂದಯ್ಯ ಒಪ್ಪಲಿಲ್ಲ. ಗಾಡಿಗೆ ಬಾಲಚಂದ್ರ ಎಂಬ ಹೊಸಬ ಬಂದಿದ್ದ. ಅವನಿಗೆ ಕಲಿಸಿ ಕೊಡು ಎಂದಾಗ ಮಾತ್ರ ಆಗಲೆಂದ. ಒಂದು ಬಾರಿ ಬಾಲಚಂದ್ರನನ್ನು ತೋಡಿಗೆ ಇಳಿಸಿ, ಸೂರನಿಗೆ ತೋರಿಸಿದ್ದನ್ನೇ ತೋರಿಸಿದ. ಹಿಂದೆ ಕೂತವರು ಎಷ್ಟೇ ಅವಸರ ಮಾಡಲಿ, ಕೈಗೆ ಹಿಡಿತ ಸಿಗುವ ತನಕ ಕಿವಿ ಕೇಳದವನಂತೆ ಇರು ಎಂದ. ದಡದಲ್ಲಿ ನಿಂತಿದ್ದ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ತಾನು ಹೊಳೆಯ ಜೋಡಿದೋಣಿಯಲ್ಲಿ ಗಳ ಹಾಕಿ ದೂಡುವ ಕೆಲಸಕ್ಕೆ ಸೇರಿದ. ದಿನಕ್ಕೆಷ್ಟೋ ಬಾರಿ ಈಚೆಯಿಂದ ಆಚೆಗೆ, ಆಚೆಯಿಂದ ಈಚೆಗೆ. ಬಸ್ಸು, ಗಾಡಿ, ಭತ್ತದ ಮೂಟೆ, ದನ, ಮದುವೆಯ ದಿಬ್ಬಣ, ಹೆಣ. ಕೆಲವರು ಅವನನ್ನು ತೋರಿಸಿ ಪಿಸುಗುಡುವರು. ಸುಮ್ಮನಿದ್ದರೆ ಮುಗಿದುಹೋಗುತ್ತಿದ್ದ ಕೇಸನ್ನು ತಾನಾಗಿ ತಲೆಗೆ ಎಳೆದುಕೊಂಡ ಮರುಳ ಎನ್ನುವರು. ಮಂದವಾದ ಬಲಕಿವಿಯನ್ನು ಅವರ ಕಡೆಗೆ ತಿರುಗಿಸಿ ಅವನು ಗಳ ಹಾಕುವನು.

ನಲವತ್ತೊಂಬತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಸೂರ ಮಗಳನ್ನು ಕರೆದುಕೊಂಡು ಹೊಳೆಯ ದಡಕ್ಕೆ ಬಂದ. ತಲೆಯ ಮೇಲೆ ಒಂದು ಚಾಪೆಯ ಸುರುಳಿ, ಕೈಯಲ್ಲಿ ಮಡಕೆ. ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೊರಟಿದ್ದ. ದೋಣಿಯಲ್ಲಿ ಬೇರೆ ಜನರೂ ಇದ್ದರು. ಚಂದಯ್ಯ ಗಳ ಒತ್ತುತ್ತಾ ಅವನ ಪಕ್ಕಕ್ಕೆ ಬಂದ.

"ಯಾಕ್ ಊರ್ ಬಿಡೂದ್ ಸೂರ?"

"ಆ ಗದ್ದೆಗ್ ಹೋಪುಕ್ ಇಳಿಜಾರಲ್ಲೇ ನಡೀಕ್," ಎಂದ ಸೂರ. "ದಿನಾ ಆತಿಲ್ಲೆ."

ಚಂದಯ್ಯ ತಲೆಯಾಡಿಸಿದ. ನೀರು ಸೆಳೆಯುತ್ತಿತ್ತು, ಗಳಕ್ಕೆ ಮೈ ಕೊಡಬೇಕಿತ್ತು. ನಡುಹೊಳೆಯಲ್ಲಿ ಸೂರನೇ ಮತ್ತೆ ಮಾತಾಡಿದ. "ನೀವ್ ಹೇಳದ್ ಒಳ್ಳೇದಾಯ್ತ್ ಒಡ್ಯಾ. ಮಗ್ಳ್ ದೊಡ್ಡಾದ್ಮೇಲ್ ಕೇಂಡ್ರೆ, ನಿನ್ನಬ್ಬಿ ಬದಿಗ್ ನಿಂತಿದ್ಳ್ ಅಂದೇಳಿ ಹೇಳೂಕಾತ್." ಆಮೇಲೆ ದನಿ ಏರಿಸದೆ, "ಆರೂ ನಿಮ್ ಮುಖ ಕಾಂಬುಕ್ ನಂಗ್ ಆತಿಲ್ಲೆ," ಎಂದ.

"ಹೌದ್," ಎಂದ ಚಂದಯ್ಯ.

ಆಚೆ ದಡ ಬಂತು. ಸೂರ ಇಳಿದು ಮಗಳನ್ನು ಎತ್ತಿ ಇಳಿಸಿಕೊಂಡು, ಹಿಂತಿರುಗಿ ನೋಡದೆ ಬಸ್ಸು ನಿಲ್ಲುವಲ್ಲಿಗೆ ನಡೆದ. ಈಚೆ ದಡದಲ್ಲಿ ಹಂಚು ತುಂಬಿದ ಒಂದು ಲಾರಿ ಹಾರ್ನು ಹೊಡೆಯುತ್ತಿತ್ತು. ಚಂದಯ್ಯ ಅಂಗೈಗೆ ಉಗುಳು ಹಚ್ಚಿಕೊಂಡು ಗಳ ಎತ್ತಿದ.